ಹೆದ್ದಾರಿ ಪಕ್ಕದ ಹೊಲಕ್ಕೆ ಕಂಬ ಬಂದರೆ: ಮೊದಲು ಗೂಟ, ಆಮೇಲೆ ಸಹಿ

ನಮ್ಮ ಹೊಲ ಶಿಗ್ಗಾವಿ ಕಡೆ, ಹೆದ್ದಾರಿಯಿಂದ ಒಂದು ಹೊಲ ಬಿಟ್ಟು ಒಳಗಿದೆ. ರಸ್ತೆ ಅಗಲ ಮಾಡಿದಾಗ ನಮ್ಮದು ಒಂದು ಗುಂಟೆಯೂ ಹೋಗಲಿಲ್ಲ. ರಸ್ತೆಗೆ ಹತ್ತಿದ ಹೊಲದವರದು ಹೋಯಿತು, ಅವರಿಗೆ ರೊಕ್ಕ ಬಂತು. ನಮಗೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆವು.

ಕೆಲವು ತಿಂಗಳಾದ ಮೇಲೆ ಬೈಕಿನಲ್ಲಿ ಇಬ್ಬರು ಬಂದರು. ಗುತ್ತಿಗೆದಾರರ ಕಡೆಯವರು. "ರಸ್ತೆ ಬದಿ ಲೈನು ಸ್ವಲ್ಪ ಈಚೆ ಸರೀತದರಿ. ನಾಲ್ಕೇ ಕಂಬ. ಬದುವಿನ ಮ್ಯಾಲೇ ಹಾಕ್ತೀವಿ" ಎಂದರು. ಅಪ್ಪ ಚಹಾ ಕೊಟ್ಟರು, ಜೊತೆಗೆ ಸಹಿಯನ್ನೂ ಕೊಟ್ಟರು. ಆ ಕಾಗದದಲ್ಲಿ ಸರ್ವೆ ನಂಬರ್ ಇತ್ತು. ಕಂಬ ಎಲ್ಲಿ ಬರುತ್ತದೆ ಅಂತ ಇರಲಿಲ್ಲ. ನಕ್ಷೆ ಇರಲಿಲ್ಲ. ಮೊತ್ತದ ಜಾಗ ಖಾಲಿ ಇತ್ತು.

ಬಂದದ್ದು ಐದು ಕಂಬ. ಮೂರು ಬದುವಿನ ಮೇಲೆ ನಿಂತವು. ಉಳಿದ ಎರಡು ಜೋಡಿ ಕಂಬವಾಗಿ ಹೊಲದ ನಡುವೆ ನಿಂತವು, ಲೈನು ಅಲ್ಲಿ ತಿರುಗುತ್ತದಂತೆ. ಅದಕ್ಕೆ ಎರಡು ಸ್ಟೇ ವೈರ್. ಕಂಬದ ತುದಿಯಿಂದ ಓರೆಯಾಗಿ ಇಳಿದು, ಬುಡದಿಂದ ಎಂಟು ಹೆಜ್ಜೆ ದೂರದಲ್ಲಿ ನೆಲಕ್ಕೆ ಬಿಗಿದ ತಂತಿ. ಕಂಬ ತಿನ್ನುವ ಜಾಗ ಅಂಗೈಯಷ್ಟು. ಸ್ಟೇ ತಿನ್ನುವುದು ಗುಂಟೆ ಲೆಕ್ಕದಲ್ಲಿ. ಅದರ ಒಳಗೆ ಟ್ರ್ಯಾಕ್ಟರ್ ತಿರುಗುವುದಿಲ್ಲ, ಕೂರಿಗೆ ಹೋಗುವುದಿಲ್ಲ. ಸುತ್ತಲೂ ಜೋಳ ನಿಂತಿದ್ದರೆ ಅಲ್ಲಿ ಮಾತ್ರ ಪ್ರತಿ ವರ್ಷ ಕರಿಕೆ ಹುಲ್ಲು.

ಮುಂದೆ ಬರೆದದ್ದೆಲ್ಲ ಆ ಎರಡು ತಂತಿಗಳು ಕಲಿಸಿದ್ದು, ಆಮೇಲೆ ವಕೀಲರು ಮತ್ತು ಒಬ್ಬ ನಿವೃತ್ತ ಸರ್ವೆಯರ್ ಕಲಿಸಿದ್ದು.

ರಸ್ತೆಗೆ ಹೋಗದ ಹೊಲಕ್ಕೂ ಯಾಕೆ ಬರುತ್ತಾರೆ?

ರಸ್ತೆ ಅಗಲ ಆಗುವ ಮೊದಲು ರಸ್ತೆ ಬದಿಯ ಸಾಮಾನೆಲ್ಲ ಜಾಗ ಬಿಡಬೇಕು. ಗಬ್ಬೂರಿನಿಂದ ನರೇಂದ್ರದವರೆಗೆ ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಿ. ಸುಮಾರು 30 ಕಿ.ಮೀ. ರಸ್ತೆ, ವರ್ಷಗಟ್ಟಲೆ ಎರಡೇ ಲೇನಿನಲ್ಲಿ ಓಡಿತು. ಅದನ್ನು ಆರು ಲೇನ್ ಮಾಡಲು ಹೊರಟರೆ ಮಣ್ಣು ಹೊರುವುದಕ್ಕಿಂತ ಮೊದಲು ಬರುವ ಕೆಲಸ ಇದೇ: ಕರೆಂಟ್ ಕಂಬ, ಕುಡಿಯುವ ನೀರಿನ ಪೈಪು, ಮೊಬೈಲ್ ಕಂಪನಿಗಳ ಕೇಬಲ್ಲು, ಗ್ಯಾಸ್ ಪೈಪು ಎಲ್ಲವನ್ನೂ ಸರಿಸುವುದು. ಸವದತ್ತಿ ಕಡೆಯಿಂದ ಮಲಪ್ರಭೆಯ ನೀರು ಅವಳಿ ನಗರಕ್ಕೆ ಪೈಪಿನಲ್ಲೇ ಬರುತ್ತದೆ. ದಾಭೋಳ–ಬೆಂಗಳೂರು ಗ್ಯಾಸ್ ಪೈಪು ಧಾರವಾಡ ಜಿಲ್ಲೆ ದಾಟಿ ಹೋಗುತ್ತದೆ. ಗದಗ ರಸ್ತೆಯಲ್ಲೂ ಇದೇ ಕತೆ.

ಸರಿಸಿದ್ದನ್ನು ಹೆದ್ದಾರಿಯ ಸ್ವಂತ ಜಾಗದ ಅಂಚಿನಲ್ಲೇ ಕೂರಿಸಬೇಕು ಅನ್ನುವುದು ಲೆಕ್ಕ. ಸರ್ವಿಸ್ ರಸ್ತೆ, ಗಟಾರು, ಮೇಲ್ಸೇತುವೆಯ ಇಳಿಜಾರು ಎಲ್ಲ ಬಂದು ಅಂಚು ಮುಗಿದುಹೋದಾಗ ಲೈನು ಹೊರಗೆ ಜಿಗಿಯುತ್ತದೆ. ಆಗ ನಿಮ್ಮ ಹೊಲ ಬೇಕಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ತಲೆಯಲ್ಲಿ ಇರಲಿ. ರಸ್ತೆಗೆ ಹೋದ ಭೂಮಿ ಪೂರ್ತಿ ಹೋಗುತ್ತದೆ, ಉತಾರದಲ್ಲಿ (ಪಹಣಿಯಲ್ಲಿ) ಹೆಸರೇ ಬದಲಾಗುತ್ತದೆ. ಕಂಬಕ್ಕೋ ಪೈಪಿಗೋ ಹೋಗುವುದು ಬಳಕೆಯ ಹಕ್ಕು ಮಾತ್ರ. ಕಾನೂನಿನ ಭಾಷೆಯಲ್ಲಿ ಈಸ್‌ಮೆಂಟ್. ಮಾಲೀಕರು ನೀವೇ, ಉತಾರ ನಿಮ್ಮದೇ, ಕಂದಾಯ ನೀವೇ ಕಟ್ಟುತ್ತೀರಿ. ಆದರೆ ಆ ಪಟ್ಟಿಯಲ್ಲಿ ಬೇರೆಯವರು ಬರುತ್ತಾರೆ, ಅಗೆಯುತ್ತಾರೆ, ಮರ ಕಡಿಯುತ್ತಾರೆ, ನಿಮಗೆ ಬಾವಿ ತೋಡಬೇಡಿ ಅನ್ನುತ್ತಾರೆ. ಮಾರಿದರೆ ಒಂದು ಸಲದ ನೋವು. ಇದು ಮೊಮ್ಮಕ್ಕಳ ತನಕ ಇರುವ ಬಾಡಿಗೆದಾರ.

ಬಂದವರು ಯಾರ ಕಡೆಯವರು?

ಫೈಲು ಹಿಡಿದು ಬಂದವರಿಗೆ ಮೊದಲ ಪ್ರಶ್ನೆ ರೊಕ್ಕದ್ದು ಬೇಡ. "ಈ ಹಕ್ಕು ಕೊನೆಗೆ ಯಾರ ಹೆಸರಿಗೆ ಉಳಿಯುತ್ತದೆ?" ಅಂತ ಕೇಳಿ.

ಸಾಮಾನ್ಯವಾಗಿ ಮೂರು ಜನ ಇರುತ್ತಾರೆ. ಹೆದ್ದಾರಿ ಪ್ರಾಧಿಕಾರ ಅಥವಾ ಲೋಕೋಪಯೋಗಿ ಇಲಾಖೆ ಖರ್ಚು ಕೊಡುತ್ತದೆ. ಲೈನಿನ ಮಾಲೀಕರು ಬೇರೆ: 11 ಮತ್ತು 33 ಕೆವಿ (ಕಿಲೋವೋಲ್ಟ್) ಆದರೆ ನಮ್ಮ ಕಡೆ ಕರೆಂಟ್ ಹಂಚುವ ಹೆಸ್ಕಾಂ, 110 ಅಥವಾ 220 ಕೆವಿ ಆದರೆ ದೊಡ್ಡ ಲೈನು ನೋಡಿಕೊಳ್ಳುವ ಕೆಪಿಟಿಸಿಎಲ್, ನೀರಾದರೆ ನೀರಿನ ಸಂಸ್ಥೆ. ಮೂರನೆಯವರು ಗುತ್ತಿಗೆದಾರರು. ಬಾಗಿಲಿಗೆ ಬರುವುದು ಹೆಚ್ಚಾಗಿ ಈ ಮೂರನೆಯವರು. ಕೆಲಸ ಮುಗಿದ ಮರುದಿನ ಕಾಣದೇ ಇರುವವರೂ ಇವರೇ. ಅವರು ಬಾಯಲ್ಲಿ ಹೇಳಿದ್ದು ಲೈನಿನ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ಒಪ್ಪಂದದಲ್ಲಿ ಲೈನಿನ ಮಾಲೀಕ ಸಂಸ್ಥೆಯ ಅಧಿಕಾರಿಯ ಸಹಿ, ಮೊಹರು ಇರಲೇಬೇಕು.

ಎರಡು ಕಾಗದದ ನಕಲು ಕೇಳಿ. ಒಂದು, ಮಂಜೂರಾದ ಮಾರ್ಗದ ನಕ್ಷೆ. ಇನ್ನೊಂದು, ಸ್ಥಳಾಂತರದ ಎಸ್ಟಿಮೇಟ್. ಆ ಎಸ್ಟಿಮೇಟಿನಲ್ಲಿ ಭೂಮಿ, ಬೆಳೆ, ಮರದ ಪರಿಹಾರಕ್ಕೆ ಹಣ ಇಟ್ಟಿದ್ದಾರೋ ಇಲ್ಲವೋ ನೋಡಿ. ಇಟ್ಟಿದ್ದರೆ "ಪರಿಹಾರ ಕೊಡೋ ಪದ್ಧತಿ ಇಲ್ಲರಿ" ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ. ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ.

ಉತಾರ ಮೊದಲು ಸ್ವಚ್ಛ ಇರಲಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಅರ್ಧ ಜನ ಇಲ್ಲೇ ಎಡವುತ್ತಾರೆ. ಪಹಣಿಯ 9ನೇ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ಪರಿಹಾರದ ಚೆಕ್ ಯಾರ ಹೆಸರಿಗೂ ಬರುವುದಿಲ್ಲ. ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರು ಏರಿಸಿ. ಅಣ್ಣತಮ್ಮಂದಿರ ವಾಟ್ನಿ (ಪಾಲು) ಆಗಿಲ್ಲದಿದ್ದರೆ ಎಲ್ಲರ ಸಹಿ ಬೇಕು. 2005ರ ತಿದ್ದುಪಡಿ ನಂತರ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ಅಕ್ಕ–ತಂಗಿಯರನ್ನು ಬಿಟ್ಟು ಮಾಡಿದ ಒಪ್ಪಂದ ಆಮೇಲೆ ಕೋರ್ಟಿಗೆ ಹೋಗುತ್ತದೆ. 11ನೇ ಕಾಲಂನಲ್ಲಿ ಬ್ಯಾಂಕಿನ ಬೋಜಾ (ಸಾಲದ ಹೊರೆ) ಇದ್ದರೆ ಬ್ಯಾಂಕಿಗೆ ತಿಳಿಸಿ. ಸರ್ಕಾರ ಪರಿಶಿಷ್ಟರಿಗೆ ಕೊಟ್ಟ ಭೂಮಿ ಆಗಿದ್ದರೆ ಅದರ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅಂಥ ಭೂಮಿಯ ಬಗ್ಗೆ ವಕೀಲರನ್ನು ಕೇಳದೆ ಒಂದು ಅಕ್ಷರವನ್ನೂ ಬರೆದುಕೊಡಬೇಡಿ.

ಹೊಲ ಲಾವಣಿಗೆ (ಗೇಣಿಗೆ) ಕೊಟ್ಟಿದ್ದೀರಾ? ಹಾಗಾದರೆ ಬೆಳೆಯ ಪರಿಹಾರ ಬಿತ್ತಿದವನಿಗೆ ಸೇರಬೇಕು. ಇದನ್ನು ಮೊದಲೇ ಮಾತಾಡಿಕೊಂಡರೆ ಊರಲ್ಲಿ ಮುಖ ನೋಡಿಕೊಂಡು ಓಡಾಡಬಹುದು.

ಹದ್ದಿನ ಬಗ್ಗೆ ಅನುಮಾನ ಇದ್ದರೆ ಸರ್ವೆ ಇಲಾಖೆಯ ಮೋಜಿಣಿಯಲ್ಲಿ ಹದ್ದುಬಸ್ತಿಗೆ, ಅಂದರೆ ಹದ್ದು ಅಳೆದು ಗುರುತಿಸಲು, ಅರ್ಜಿ ಹಾಕಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅಂದಾಜಿಗೆ ಅದು ಸಾಕು. ಸಹಿ ಮಾಡುವುದಕ್ಕೆ ಸಾಲದು.

ಗೂಟ ಹೊಡೆಸಿ

ಇದೇ ಮುಖ್ಯ ಮಾತು. ಹತ್ತು ಪುಟದ ಒಪ್ಪಂದಕ್ಕಿಂತ ಹೊಲದಲ್ಲಿ ಹೊಡೆದ ಹತ್ತು ಗೂಟ ಜಾಸ್ತಿ ಕೆಲಸ ಮಾಡುತ್ತವೆ.

ಎಂಜಿನಿಯರ್ ಮುಂದೆ ನಕ್ಷೆ ನೋಡಿದಾಗ ನಮ್ಮ ಹೊಲ ಒಂದು ಬೆರಳಿನಷ್ಟು ಇರುತ್ತದೆ. ಅದರ ಮೇಲೆ ಕೆಂಪು ಗೆರೆ. ಗೆರೆಗೆ ಅಗಲ ಇರುವುದಿಲ್ಲ. ಹೊಲದಲ್ಲಿ ಆ ಗೆರೆಗೆ ಅಗಲ ಇರುತ್ತದೆ. 110 ಕೆವಿ ಲೈನಿಗೆ 22 ಮೀಟರ್ ಪಟ್ಟಿ ಬೇಕು, 220 ಕೆವಿಗೆ 35 ಮೀಟರ್. 110 ಕೆವಿ ಲೈನು ನಿಮ್ಮ ಹೊಲದ ಮೇಲೆ 150 ಮೀಟರ್ ಹೋದರೆ 3,300 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್ ಅಂತ ಹಿಡಿದರೆ 33 ಗುಂಟೆ ಹತ್ತಿರ. ಮುಕ್ಕಾಲು ಎಕರೆಗಿಂತ ಜಾಸ್ತಿ. ಬಂದವರು ಮಾತ್ರ "ಒಂದೇ ಟವರ್ ಸರ್" ಅನ್ನುತ್ತಾರೆ.

ನೀರಿನ ಪೈಪಿನದು ಇನ್ನೊಂದು ಆಟ. ಅಗೆಯುವ ಕಾಲುವೆ ಒಂದೂವರೆ ಮೀಟರ್ ಇರಬಹುದು. ಆದರೆ ಒಂದು ಬದಿ ಮಣ್ಣಿನ ಗುಡ್ಡೆ, ಇನ್ನೊಂದು ಬದಿ ಪೈಪುಗಳ ಸಾಲು, ಅದರಾಚೆ ಜೆಸಿಬಿ ಓಡಾಡುವ ದಾರಿ. ಎಲ್ಲ ಸೇರಿ ಹತ್ತು–ಹನ್ನೆರಡು ಮೀಟರ್ ಆಗಿಬಿಡುತ್ತದೆ. ಆದ್ದರಿಂದ ಎರಡು ಪಟ್ಟಿ ಬೇರೆ ಬೇರೆ ಬರೆಸಬೇಕು: ಕೆಲಸ ನಡೆಯುವಾಗ ಮಾತ್ರ ಬೇಕಾಗುವ ಅಗಲ ಪಟ್ಟಿ, ಕಾಯಂ ಆಗಿ ಉಳಿಯುವ ಸಣ್ಣ ಪಟ್ಟಿ. 200 ಮೀಟರ್ ಉದ್ದಕ್ಕೆ 12 ಮೀಟರ್ ಅಗಲ ಅಂದರೆ 24 ಗುಂಟೆ ಹತ್ತಿರ. 3 ಮೀಟರ್ ಅಂದರೆ 6 ಗುಂಟೆ. ಒಪ್ಪಂದದಲ್ಲಿ ಒಂದೇ ಅಗಲ ಬರೆದಿದ್ದರೆ ನೀವು 6 ಗುಂಟೆ ಕೊಡುವ ಕಡೆ 24 ಗುಂಟೆಯ ಕಾಯಂ ಹಕ್ಕು ಕೊಟ್ಟುಬಿಟ್ಟಿರಬಹುದು.

ಹೊಲದಲ್ಲಿ ಹೀಗೆ ಮಾಡಿ. ಎಂಜಿನಿಯರ್, ಗುತ್ತಿಗೆದಾರರ ಕಡೆಯವರು, ಸಾಧ್ಯವಾದರೆ ಗ್ರಾಮ ಆಡಳಿತ ಅಧಿಕಾರಿ, ಅಕ್ಕಪಕ್ಕದ ಹೊಲದವರು ಒಂದೇ ದಿನ ಬರುವ ಹಾಗೆ ನೋಡಿಕೊಳ್ಳಿ. ಪ್ರತಿ ಕಂಬಕ್ಕೊಂದು ಗೂಟ. ಪ್ರತಿ ಸ್ಟೇ ನೆಲ ಮುಟ್ಟುವ ಕಡೆಯೂ ಒಂದು ಗೂಟ. ಇದನ್ನು ಯಾರೂ ತಾವಾಗಿ ತೋರಿಸುವುದಿಲ್ಲ, ಕೇಳಿಯೇ ತಿಳಿಯಬೇಕು. ಪಟ್ಟಿಯ ಎರಡೂ ಅಂಚಿಗೆ ಹಗ್ಗ ಕಟ್ಟಿ ಸುಣ್ಣದ ಪುಡಿ ಹಾಕಿಸಿ. ಕಾಯಂ ಗುರುತಿನಿಂದ ಟೇಪು ಹಿಡಿದು ದೂರ ಬರೆದುಕೊಳ್ಳಿ. ಕಾಯಂ ಗುರುತು ಅಂದರೆ ಹದ್ದಿನ ಕಲ್ಲು ಅಥವಾ ಬಾವಿಯ ಕಟ್ಟೆ. ಬೇವಿನ ಗಿಡ ಬೇಡ, ಅದನ್ನೇ ಮೊದಲು ಕಡಿಯುತ್ತಾರೆ.

ಆಮೇಲೆ ನಿಮ್ಮ ಟ್ರ್ಯಾಕ್ಟರ್ ಡ್ರೈವರನ್ನು ಕರೆದು "ಇಲ್ಲಿ ತಿರುಗುತ್ತಾ?" ಅಂತ ಕೇಳಿ. ಎಂಜಿನಿಯರಿಗಿಂತ ಅವನ ಮಾತು ಇಲ್ಲಿ ದೊಡ್ಡದು. ನಮ್ಮ ಜೋಡಿ ಕಂಬ ಹನ್ನೊಂದು ಹೆಜ್ಜೆ ದಕ್ಷಿಣಕ್ಕೆ ಸರಿದಿದ್ದರೆ ಬದುವಿನ ಮೇಲೆ ಕೂರುತ್ತಿತ್ತು. ಆಗಬಹುದಿತ್ತು ಅಂತ ಆಮೇಲೆ ಅವರೇ ಒಪ್ಪಿದರು. ಆಮೇಲೆ ಒಪ್ಪಿ ಏನು ಬಂತು, ಅಲ್ವಾ? ಸರಿಸಲು ಆಗದೇ ಇದ್ದರೆ ಸ್ಟೇ ಬದಲು ಆನಿಕೆ ಕಂಬ (ಓರೆಯಾಗಿ ಊರುವ ಆಸರೆ ಕಂಬ) ಕೊಡಬಹುದಾ, ತಂತಿಯನ್ನು ಟ್ರ್ಯಾಕ್ಟರ್ ತಲೆ ಮೇಲೆ ದಾಟಿಸಿ ಬದುವಿನಲ್ಲಿ ಇನ್ನೊಂದು ಮೋಟು ಕಂಬಕ್ಕೆ ಬಿಗಿಯಬಹುದಾ ಅಂತ ಕೇಳಿ. ಇವೆಲ್ಲ ಇರುವ ಪದ್ಧತಿಗಳೇ. ಸ್ವಲ್ಪ ಖರ್ಚು ಜಾಸ್ತಿ, ಅದಕ್ಕೇ ತಾವಾಗಿ ಹೇಳುವುದಿಲ್ಲ.

ಎತ್ತರವನ್ನೂ ಕೇಳಿ. ರಸ್ತೆ ಇಲ್ಲದ ಕಡೆ 11 ಕೆವಿಯ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರ ಇರಬೇಕು, ರಸ್ತೆ ದಾಟುವಲ್ಲಿ 6.1 ಮೀಟರ್. ಕಣಿಕೆ (ಜೋಳದ ದಂಟು) ಹೇರಿದ ಟ್ರೇಲರ್ ಮೇಲೆ ಒಬ್ಬ ನಿಂತಿದ್ದಾನೆ ಅಂದುಕೊಳ್ಳಿ, 4.6 ಮೀಟರ್ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ನಿಮ್ಮ ಬಂಡಿದಾರಿಯ ಮೇಲೆ ಲೈನು ಬರುತ್ತಿದ್ದರೆ ಅಲ್ಲಿ ರಸ್ತೆ ದಾಟುವ ಎತ್ತರವನ್ನೇ ಕೊಡಿ ಅಂತ ಬರೆಸಿ. ಬಣವೆ ಹಾಕುವ ಜಾಗ, ಕೃಷಿ ಹೊಂಡ, ಮುಂದೆ ಬೋರ್ ಹಾಕಬೇಕೆಂದಿರುವ ಜಾಗ, ಎಲ್ಲವನ್ನೂ ಆಗಲೇ ತೋರಿಸಿ.

ಗೂಟಗಳ ಫೋಟೋ ತೆಗೆಯಿರಿ, ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಎಲ್ಲರ ಸಹಿಯೊಂದಿಗೆ ಜಂಟಿ ಅಳತೆಯ ಪಂಚನಾಮೆ ಮಾಡಿಸಿ. ಎಷ್ಟು ಗಿಡ, ಯಾವ ಬೆಳೆ, ಡ್ರಿಪ್ ಪೈಪು ಎಷ್ಟು, ಬದು ಎಷ್ಟು ಉದ್ದ, ಎಲ್ಲ ಅದರಲ್ಲಿ ಬರಲಿ. ಧಾರವಾಡ ಕಡೆ ಆಪೂಸ್ ಮಾವಿನ ತೋಟ ಇದ್ದವರು ಗಿಡದ ವಯಸ್ಸನ್ನೂ ಬರೆಸಬೇಕು. ಐದು ವರ್ಷದ ಗಿಡಕ್ಕೂ ಇಪ್ಪತ್ತು ವರ್ಷದ ಗಿಡಕ್ಕೂ ಬೆಲೆ ಒಂದೇ ಆಗುವುದಿಲ್ಲ. ಮಾವಿಗೆ ತೋಟಗಾರಿಕೆ ಇಲಾಖೆಯವರು, ತೇಗಕ್ಕೆ ಅರಣ್ಯ ಇಲಾಖೆಯವರು ಬೆಲೆ ಕಟ್ಟುತ್ತಾರೆ.

ಯಾವ ಕಾಯ್ದೆ, ಎಷ್ಟು ರೊಕ್ಕ?

ಲೈನು ಯಾವ ಕಾಯ್ದೆಯ ಕೆಳಗೆ ಬರುತ್ತದೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಎಲ್ಲರಿಗೂ ಒಂದೇ ರೇಟು ಅನ್ನುವುದು ಸುಳ್ಳು. "ಪಕ್ಕದವರಿಗೆ ಎಕರೆಗೆ ಇಷ್ಟು ಬಂತು, ನನಗೂ ಅಷ್ಟೇ ಕೊಡಿ" ಅನ್ನುವುದೂ ನಿಲ್ಲುವುದಿಲ್ಲ.

ಹೆದ್ದಾರಿಯವರೇ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ನೋಟಿಫಿಕೇಶನ್ ಹೊರಡಿಸಿ ಬಳಕೆ ಹಕ್ಕನ್ನು ತೆಗೆದುಕೊಂಡರೆ, 3ಜಿ(2) ಕಲಂ ಪ್ರಕಾರ ಭೂಮಿಯ ಪರಿಹಾರವಾಗಿ ನಿಗದಿ ಮಾಡಿದ ಮೊತ್ತದ ಶೇ. 10 ಸಿಗುತ್ತದೆ. ಲೆಕ್ಕಕ್ಕೆ ಗುಂಟೆಗೆ 1 ಲಕ್ಷ ಅಂತ ಇಟ್ಟುಕೊಳ್ಳೋಣ. 5 ಗುಂಟೆಗೆ 50 ಸಾವಿರ. ಇದರಲ್ಲಿ ದಿನ ಎಣಿಸುವುದು ಮುಖ್ಯ: 3ಎ ಪ್ರಕಟಣೆ (ಭೂಮಿ ಬೇಕು ಅನ್ನುವ ಮೊದಲ ನೋಟಿಫಿಕೇಶನ್) ಬಂದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಪ್ರಕಟಣೆ ಸ್ಥಳೀಯ ಕನ್ನಡ ಪತ್ರಿಕೆಯಲ್ಲೂ ಬರುತ್ತದೆ, ಸರ್ವೆ ನಂಬರಿನ ಸಣ್ಣ ಅಕ್ಷರದ ಪಟ್ಟಿಯಾಗಿ. ಆ ಪತ್ರಿಕೆಯಲ್ಲಿ ಮಿರ್ಚಿ ಭಜಿ ಕಟ್ಟಿ ಕೊಡುವ ಮೊದಲು ಆ ಪುಟ ಓದಿ. ನಿಗದಿ ಮಾಡಿದ ಮೊತ್ತ ಒಪ್ಪಿಗೆ ಇಲ್ಲದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಸಾಮಾನ್ಯವಾಗಿ ಅದು ಜಿಲ್ಲಾಧಿಕಾರಿ.

ಗ್ಯಾಸ್ ಅಥವಾ ಪೆಟ್ರೋಲಿಯಂ ಪೈಪಿಗೆ 1962ರ ಬೇರೆ ಕಾಯ್ದೆ ಇದೆ. ಅಲ್ಲೂ ಆಕ್ಷೇಪಣೆಗೆ 21 ದಿನ, ಭೂಮಿಯ ಮಾರುಕಟ್ಟೆ ಬೆಲೆಯ ಶೇ. 10. ಜೊತೆಗೆ ಬೆಳೆ, ಗಿಡ, ಇತರ ಹಾನಿಯ ಪರಿಹಾರ ಬೇರೆ. ಪೈಪು ನೆಲದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಇರುವ ಹಾಗಿಲ್ಲ. ಪೈಪು ಮುಚ್ಚಿದ ಮೇಲೆ ಜೋಳ, ಕಡಲೆ ಬಿತ್ತಬಹುದು. ಮನೆ, ಬಾವಿ, ಕೆರೆ, ಮರ ಮಾತ್ರ ಆ ಪಟ್ಟಿಯಲ್ಲಿ ಮಾಡುವ ಹಾಗಿಲ್ಲ. ಹುಬ್ಬಳ್ಳಿ ಸುತ್ತ ಎನ್‌ಎ (ಕೃಷಿಯೇತರ ಭೂಮಿ) ಮಾಡಿ ಪ್ಲಾಟ್ ಹಾಕುವ ಯೋಚನೆ ಇದ್ದವರಿಗೆ ಶೇ. 10 ಯಾವ ಮೂಲೆಗೂ ಸಾಲುವುದಿಲ್ಲ. ಅವರು ಆಕ್ಷೇಪಣೆಯಲ್ಲೇ ಮಾರ್ಗವನ್ನು ಹೊಲದ ಅಂಚಿಗೆ ಸರಿಸಿ ಅಂತ ಕೇಳುವುದು ಲೇಸು.

ಕರೆಂಟಿನದು ಎರಡು ಪಂಗಡ. 66 ಕೆವಿ ಮತ್ತು ಮೇಲಿನ ಲೈನಿಗೆ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಇದೆ. 2015ರಲ್ಲಿ ಟವರ್ ಕೂರುವ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಅಂದಿದ್ದರು. 2024ರ ಜೂನ್‌ನಲ್ಲಿ ಅದನ್ನು ಟವರ್ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30 ಮಾಡಿದರು. ಮೇಲಿನ 33 ಗುಂಟೆಯ ಉದಾಹರಣೆಗೆ ಗುಂಟೆಗೆ 1 ಲಕ್ಷ ಹಿಡಿದರೆ ಹಳೇ ಲೆಕ್ಕದಲ್ಲಿ ಪಟ್ಟಿಗೆ 5 ಲಕ್ಷದ ಹತ್ತಿರ, ಹೊಸ ಲೆಕ್ಕದಲ್ಲಿ 10 ಲಕ್ಷದ ಹತ್ತಿರ. ಇದು ಮಾರ್ಗಸೂಚಿ, ರಾಜ್ಯ ಒಪ್ಪಿಕೊಂಡಷ್ಟೇ ಕೈಗೆ ಬರುವುದು. "ಯಾವ ಆದೇಶದ ಪ್ರಕಾರ ಲೆಕ್ಕ ಹಾಕಿದಿರಿ, ನಕಲು ಕೊಡಿ" ಅನ್ನಿ. ಈ ಒಂದು ಸಾಲಿಗೆ ಬಹಳ ಬಲ ಇದೆ.

11 ಮತ್ತು 33 ಕೆವಿ ಲೈನಿಗೆ ಈ ಶೇಕಡಾ ಲೆಕ್ಕ ಬರುವುದಿಲ್ಲ. ನಮ್ಮಂಥವರಿಗೆ ಬರುವುದು ಹೆಚ್ಚಾಗಿ ಇದೇ. ಆದರೆ 2003ರ ವಿದ್ಯುತ್ ಕಾಯ್ದೆಯ 67ನೇ ಕಲಂ ಆದಷ್ಟು ಕಡಿಮೆ ಹಾನಿ ಮಾಡಬೇಕು, ಮಾಡಿದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು ಅನ್ನುತ್ತದೆ. 2006ರ ನಿಯಮಗಳ ಪ್ರಕಾರ ಖಾಸಗಿ ಜಾಗಕ್ಕೆ ಬರುವ ಮೊದಲು ಮಾಲೀಕರ ಒಪ್ಪಿಗೆ ಬೇಕು. ಮಾಲೀಕರು ಆಕ್ಷೇಪಿಸಿದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಅವರು ಪರಿಹಾರ ಅಥವಾ ವಾರ್ಷಿಕ ಬಾಡಿಗೆ, ಅಥವಾ ಎರಡನ್ನೂ ನಿಗದಿ ಮಾಡಬಹುದು. ವಾರ್ಷಿಕ ಬಾಡಿಗೆ ಅನ್ನುವ ಮಾತು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಇರಲಿಲ್ಲ.

ಭೂಮಿಯ ಬೆಲೆಗೆ ಆಧಾರ ನೀವೂ ಇಟ್ಟುಕೊಳ್ಳಿ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಗಿದೆ, ಹಳೇ ಪಟ್ಟಿ ಹಿಡಿದು ಬಂದವರನ್ನು ತಿದ್ದಿ. ಹತ್ತಿರದ ಹೊಲಗಳ ಖರೀದಿ ಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಬೆಳೆಗೆ ಎಪಿಎಂಸಿ ದರ. ಬ್ಯಾಡಗಿ ಮೆಣಸಿನಕಾಯಿ ಬೆಳೆದವರು ಗೋವಿನಜೋಳದ ರೇಟಿಗೆ ತಲೆಯಾಡಿಸಬೇಡಿ.

ನಿಮ್ಮ ಕೈಯಲ್ಲಿರುವ ದಾಳ: ಸಮಯ

ಗುತ್ತಿಗೆದಾರರಿಗೆ ತಾರೀಖಿನ ಒತ್ತಡ ಇರುತ್ತದೆ. ಕಂಬ ಸರಿಯದೆ ರಸ್ತೆ ಮುಂದೆ ಹೋಗುವುದಿಲ್ಲ. ಇದನ್ನು ತಿಳಿದ ಕೆಲವರು ಅಡ್ಡ ಕೂತು ಬಾಯಿಗೆ ಬಂದ ಮೊತ್ತ ಕೇಳುತ್ತಾರೆ. ನನ್ನ ಮಾತು ಕೇಳಿದರೆ, ಅದು ಬೇಡ. ಜಿಲ್ಲಾ ಮ್ಯಾಜಿಸ್ಟ್ರೇಟ್ ಆದೇಶ ಬಂದರೆ ಪೊಲೀಸರ ಜೊತೆ ಬಂದು ಹಾಕುತ್ತಾರೆ, ಆಗ ಗೂಟದ ಜಾಗ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಬದಲಿಗೆ ಸಮಯವನ್ನೇ ಮಾರಿ. "ಹಿಂಗಾರಿ ಜೋಳ ಕೊಯ್ದು ಫೆಬ್ರವರಿಯಲ್ಲಿ ಹೊಲ ಖಾಲಿ ಆಗುತ್ತದೆ. ಮಾರ್ಚಿನಿಂದ ಮೇ ತನಕ ಎಷ್ಟು ಬೇಕಾದರೂ ಓಡಾಡಿ. ನಿಮಗೆ ಬೆಳೆ ಪರಿಹಾರ ಉಳಿಯುತ್ತದೆ. ಬದಲಿಗೆ ಜೋಡಿ ಕಂಬ ಬದುವಿಗೆ ಬರಲಿ, ಬದು ಕಲ್ಲು ಹಾಕಿ ಕಟ್ಟಿಕೊಡಿ." ಹೀಗೆ ಕೇಳಿದರೆ ಹೌದು ಅನ್ನುವ ಅಧಿಕಾರ ಸ್ಥಳದಲ್ಲಿರುವ ಎಂಜಿನಿಯರಿಗೇ ಇರುತ್ತದೆ. ರೊಕ್ಕ ಜಾಸ್ತಿ ಕೊಡುವ ಅಧಿಕಾರ ಅವರಿಗೆ ಇರುವುದಿಲ್ಲ, ಫೈಲು ಮೇಲೆ ಹೋಗಬೇಕು. ಜೆಸಿಬಿ ಹೇಗೂ ನಿಂತಿರುತ್ತದೆ. ಬಂಡಿದಾರಿಗೆ ನಾಲ್ಕು ಟಿಪ್ಪರ್ ಗರಸು (ಜಲ್ಲಿಮಣ್ಣು), ಪಂಪ್‌ಸೆಟ್ಟಿನ ಲೈನು ನೆಟ್ಟಗೆ ಮಾಡುವುದು, ನೀರಿನ ಪೈಪು ದಾಟಿಸಲು ರಸ್ತೆ ಕೆಳಗೆ ಒಂದು ಕೊಳವೆ, ಇಂಥವು ಅವರಿಗೆ ಸಣ್ಣ ಖರ್ಚು, ನಮಗೆ ದೊಡ್ಡ ಉಪಕಾರ.

ಅಕ್ಕಪಕ್ಕದ ಹೊಲದವರು ಒಟ್ಟಿಗೆ ಕೂತು ಮಾತಾಡಿ. ಒಬ್ಬೊಬ್ಬರನ್ನೇ ಹಿಡಿದರೆ ಲೈನು ಯಾರು ಸುಮ್ನೆ ಇರುತ್ತಾರೋ ಅವರ ಹೊಲದಲ್ಲಿ ತಿರುಗುತ್ತದೆ. ನಮ್ಮ ಹೊಲದಲ್ಲಿ ತಿರುಗಿದ್ದು ಹಾಗೇ ಅಂತ ನನ್ನ ಗುಮಾನಿ.

ಕಾಗದದಲ್ಲಿ ಏನಿರಬೇಕು

ನೂರು ರೂಪಾಯಿ ಬಾಂಡ್ ಮೇಲೆ ಬರೆದು ನೋಟರಿ ಹಾಕಿಸಿದರೆ ಆಯಿತು ಅಂತ ತಿಳಿಯುವವರು ಬಹಳ. ಸ್ಥಿರಾಸ್ತಿಯ ಮೇಲೆ ಕಾಯಂ ಹಕ್ಕು ಕೊಡುವ ಪತ್ರ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಆಗಬೇಕು. ಆ ಖರ್ಚು ಪಡೆಯುವವರದು ಅಂತ ಬರೆಸಿ. "ಈಗ ಬಾಯಿಮಾತಿನಲ್ಲಿ ಒಪ್ಪುತ್ತೇನೆ, ಸರಿ ಬರದಿದ್ದರೆ ತೆಗೆಸುತ್ತೇನೆ" ಅನ್ನುವುದೂ ನಡೆಯುವುದಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 60ನೇ ಕಲಂ ನೋಡಿ. ನಿಮ್ಮ ಅನುಮತಿ ನಂಬಿ ಅವರು ಖರ್ಚು ಮಾಡಿ ಕಾಯಂ ಕೆಲಸ ಮಾಡಿಬಿಟ್ಟರೆ ಅನುಮತಿ ವಾಪಸ್ ಪಡೆಯುವ ಹಾಗಿಲ್ಲ. ಅಪ್ಪನ ಸಹಿಯ ಬಗ್ಗೆ ವಕೀಲರ ಹತ್ತಿರ ಹೋದಾಗ ಅವರು ಮೊದಲು ತೆರೆದದ್ದು ಇದೇ ಪುಟ.

ಪತ್ರಕ್ಕೆ ಗೂಟದ ನಕ್ಷೆ ಅಂಟಿಸಿ, ಪ್ರತಿ ಪುಟಕ್ಕೆ ಎರಡೂ ಕಡೆಯ ಸಹಿ. ಸರ್ವೆ ನಂಬರ್, ಹಿಸ್ಸಾ, ಉದ್ದ, ಅಗಲ, ಕಂಬದ ಸಂಖ್ಯೆ, ಸ್ಟೇ ಸಂಖ್ಯೆ, ಎಷ್ಟು ಕೆವಿ, ಎಷ್ಟು ಸರ್ಕಿಟ್, ಪೈಪಾದರೆ ಎಷ್ಟು ವ್ಯಾಸ, ಒಂದೇ ಪೈಪೋ ಎರಡೋ. ಇಷ್ಟು ಬರೆಯದಿದ್ದರೆ ನಾಳೆ ಅದೇ ಪಟ್ಟಿಯಲ್ಲಿ ಇನ್ನೊಂದು ಪೈಪು, ಅದೇ ಕಂಬದ ಮೇಲೆ ಯಾವುದೋ ಕಂಪನಿಯ ಕೇಬಲ್ಲು ಬರುತ್ತದೆ. "ಈ ಹಕ್ಕನ್ನು ಬೇರೆಯವರಿಗೆ ಕೊಡಬೇಕಾದರೆ ಮಾಲೀಕರ ಬರಹದ ಒಪ್ಪಿಗೆ ಬೇಕು" ಅನ್ನುವ ಸಾಲು ಮರೆಯಬೇಡಿ.

ರಿಪೇರಿಗೆ ಯಾವ ದಾರಿಯಿಂದ ಬರುತ್ತಾರೆ, ಬೆಳೆ ಇದ್ದಾಗ ಬಂದರೆ ಪ್ರತಿ ಸಲ ಹಾನಿ ಯಾರು ಕೊಡುತ್ತಾರೆ, ತಂತಿ ಬಿದ್ದು ಬಣವೆ ಸುಟ್ಟರೆ ಅಥವಾ ದನ ಸತ್ತರೆ ಹೊಣೆ ಯಾರದು, ಮುಂದೆ ಎನ್‌ಎ ಮಾಡಿದರೆ ಸ್ಥಳಾಂತರದ ಖರ್ಚು ಯಾರದು. ಇವಕ್ಕೆಲ್ಲ ಉತ್ತರ ಇರಲಿ. ಲೈನು ಬಳಕೆ ನಿಂತರೆ ಹಕ್ಕು ತಾನಾಗಿ ಬಿಟ್ಟುಹೋಗಬೇಕು, ಕಂಬ ಕಿತ್ತು ಹೊಲ ಮೊದಲಿನಂತೆ ಮಾಡಿಕೊಡಬೇಕು ಅಂತಲೂ ಸೇರಿಸಿ. ರೊಕ್ಕ ಖಾತೆಗೆ ಬಂದ ಮೇಲೆ ಕೆಲಸ ಶುರು.

ಎಲ್ಲ ಮುಗಿದ ಮೇಲೆ ಪಹಣಿಯ 11ನೇ ಕಾಲಂನಲ್ಲಿ ಎಷ್ಟು ಗುಂಟೆಗೆ ಹಕ್ಕು ದಾಖಲಾಗಿದೆ ನೋಡಿ. ಪೂರ್ತಿ ಸರ್ವೆ ನಂಬರಿಗೆ ಬರೆದುಬಿಟ್ಟಿದ್ದರೆ ಕೂಡಲೇ ತಕರಾರು ಕೊಡಿ. ಮಾರುವಾಗ, ಸಾಲ ತೆಗೆಯುವಾಗ ಅದು ಅಡ್ಡ ಬರುತ್ತದೆ.

ಜೆಸಿಬಿ ಬಂದ ದಿನ

ಎರೆಮಣ್ಣಿನ ಬಗ್ಗೆ ಎರಡು ಮಾತು. ನಮ್ಮ ಕಡೆ ಮೇಲೆ ಕರಿ ಎರೆ, ಕೆಳಗೆ ಗರಸು. ಪೈಪಿಗೆ ಅಗೆಯುವಾಗ ಮೊದಲು ಎರೆ ಬರುತ್ತದೆ, ಆಮೇಲೆ ಗರಸು ಅದರ ಮೇಲೇ ಬೀಳುತ್ತದೆ. ಮುಚ್ಚುವಾಗ ಎರಡನ್ನೂ ಕಲಸಿ ತಳ್ಳಿದರೆ ಗರಸು ಮೇಲೆ ಉಳಿದು, ಆ ಸಾಲಿನಲ್ಲಿ ವರ್ಷಗಟ್ಟಲೆ ಬೆಳೆ ಕುಂಟುತ್ತದೆ. ಕಡಲೆ ಹೊಲವನ್ನು ದೂರದಿಂದ ನೋಡಿದರೂ ಪೈಪು ಎಲ್ಲಿ ಹೋಗಿದೆ ಅಂತ ಹಳದಿ ಗೆರೆಯಾಗಿ ಕಾಣುತ್ತದೆ. ಎರೆಯನ್ನು ಒಂದು ಬದಿ, ಗರಸನ್ನು ಇನ್ನೊಂದು ಬದಿ ಹಾಕಿಸಿ, ಮುಚ್ಚುವಾಗ ಎರೆ ಕೊನೆಗೆ ಬರಲಿ. ಇದನ್ನು ಒಪ್ಪಂದದಲ್ಲೂ ಬರೆಸಿ, ಆ ದಿನ ಹೊಲದಲ್ಲೂ ಇರಿ. ಜೆಸಿಬಿ ಡ್ರೈವರ್ ಒಪ್ಪಂದ ಓದಿರುವುದಿಲ್ಲ.

ಮುಚ್ಚಿದ ಮಣ್ಣು ಮೊದಲ ಮಳೆಗೆ ಕುಸಿಯುತ್ತದೆ. ಎರೆ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ, ಹಾಗಾಗಿ ಹೊಸ ಕಂಬ ಒಂದು ಮಳೆಗಾಲ ಕಳೆದ ಮೇಲೆ ವಾಲುವುದೂ ಉಂಟು. ಅದಕ್ಕೇ ಗುತ್ತಿಗೆದಾರರ ಕೊನೆಯ ಕಂತನ್ನೋ ಠೇವಣಿಯನ್ನೋ ಒಂದು ಮುಂಗಾರು ದಾಟುವ ತನಕ ಹಿಡಿದಿಡುವ ಮಾತು ಆಡಿ. ಬದು ಒಡೆದ ಕಡೆ ಕಟ್ಟಿಕೊಡದೆ ಹೋದರೆ ನೀರು ಅಲ್ಲಿಂದಲೇ ನುಗ್ಗಿ ಕೆಳಗಿನ ಹೊಲದವನ ಜೊತೆ ಜಗಳ ತರುತ್ತದೆ. ಹಳೇ ಕಂಬ ಕಿತ್ತ ಮೇಲೆ ಬುಡದ ಕಾಂಕ್ರೀಟ್ ನೆಲದಲ್ಲೇ ಬಿಡುತ್ತಾರೆ, ರಂಟೆ ಮುರಿದಾಗಲೇ ಗೊತ್ತಾಗುವುದು. ಎಣಿಸಿ ತೆಗೆಸಿ. ನಿಮ್ಮ ಪಂಪ್‌ಸೆಟ್ಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ದಿನ ಬಂದ್ ಇರುತ್ತದೆ ಅಂತಲೂ ಮೊದಲೇ ಕೇಳಿ, ನಿಂತ ಬೆಳೆಗೆ ಹತ್ತು ದಿನ ನೀರಿಲ್ಲ ಅಂದರೆ ಅದೂ ಹಾನಿಯೇ.

ಮಾತು ಮುರಿದರೆ ದಾರಿ ಇದೆ. ಜಿಲ್ಲಾ ಮ್ಯಾಜಿಸ್ಟ್ರೇಟ್ ಮುಂದೆ ನಿಮ್ಮ ಗೂಟದ ಪಂಚನಾಮೆ, ಫೋಟೋ, ಬದಲಿ ಮಾರ್ಗದ ಕೈನಕ್ಷೆ ಇಡಿ. ಮಾರ್ಗ ಬದಲಿಸಿ ಅನ್ನುವ ಬೇಡಿಕೆ ಮೊದಲು, ಮೊತ್ತ ಆಮೇಲೆ. ದೊಡ್ಡ ಲೈನುಗಳನ್ನು ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಬಳಸಿ ಎಳೆಯುತ್ತಾರೆ. ಅದರಲ್ಲಿ ಪರಿಹಾರ ಕಡಿಮೆ ಅನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿ ಅರ್ಜಿ ಹಾಕಬಹುದು. ಚೆಕ್ ತೆಗೆದುಕೊಳ್ಳುವಾಗ "ತಕರಾರು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ಬರೆದು ಸಹಿ ಮಾಡಿ.

ಹೋದ ವರ್ಷ ನೀರಿನ ಪೈಪಿನವರು ಬಂದರು. ಮತ್ತೆ ಬೈಕು, ಮತ್ತೆ ಫೈಲು. ಅಪ್ಪ ಈ ಸಲ ಒಳಗಿನಿಂದ ಹಗ್ಗ, ಸುತ್ತಿಗೆ, ಒಂದು ಬುಟ್ಟಿ ಬೇವಿನ ಗೂಟ ತಂದು ಅವರ ಮುಂದೆ ಇಟ್ಟರು. ಸಾಯಂಕಾಲದ ತನಕ ಬಿಸಿಲಲ್ಲಿ ನಿಂತು ಹದಿನಾಲ್ಕು ಗೂಟ ಹೊಡೆಸಿದರು. ಒಂದನ್ನು ಮೂರು ಸಲ ಕಿತ್ತು ಹಾಕಿಸಿದರು, ಬಾವಿಗೆ ಹತ್ತಿರ ಆಯಿತು ಅಂತ. ಅದೆಲ್ಲ ಆದ ಮೇಲೆ ಅವ್ವನನ್ನು ಕೂಗಿ ಚಹಾ ಮಾಡು ಅಂದರು.